ಪ್ಲಾಸ್ಟರ್ ಮೇಲೆ ಯಾರ ಹೆಸರು?

"ಯಾರ್ರೀ ಹಾಕಿದ್ದು ಈ ಸೂಜಿ?!"

ಗಂಡಸರ ವಾರ್ಡಿನ ಹನ್ನೆರಡು ಮಂಚಗಳಲ್ಲೂ ತಲೆಗಳು ಮೇಲೆದ್ದವು.

ಬೇಲೂರಿನ ಬಸ್ ಸ್ಟ್ಯಾಂಡಿನಿಂದ ಕೂಗಳತೆ ದೂರದಲ್ಲಿದ್ದ ಆ ಸಣ್ಣ ಆಸ್ಪತ್ರೆಗೆ ಮಾಲಿನಿ ನರ್ಸ್ ಆಗಿ ಸೇರಿ ಅವತ್ತಿಗೆ ಎಂಟು ದಿನ. 2002ರ ಜೂನ್ ತಿಂಗಳು. ಹೊಸದಾಗಿ ಬಂದವಳು ಎಂಟನೇ ದಿನಕ್ಕೇ ಹೀಗೆ ಕಿರುಚಬಾರದು ಅಂತ ಅವಳಿಗೂ ಗೊತ್ತಿತ್ತು. ಆದರೆ ಕಿರುಚದೆ ಇನ್ನೇನು ಮಾಡುತ್ತಾಳೆ, ನೀವೇ ಹೇಳಿ! ಐದನೇ ಮಂಚದ ಗಿಡ್ಡಪ್ಪಜ್ಜನ ಮುಂಗೈ ಬನ್ನಿನ ಹಾಗೆ ಊದಿಕೊಂಡಿತ್ತು. ಡ್ರಿಪ್ ಹೋಗಲೆಂದು ನರದೊಳಗೆ ಬಿಟ್ಟ ಸೂಜಿ, ಅದರ ಮೇಲೆ ಕೊಳೆ ಹಿಡಿದ ಪ್ಲಾಸ್ಟರ್, ಅಲ್ಲಿಂದ ಮೊಣಕೈವರೆಗೂ ಒಂದು ಕೆಂಪು ಗೆರೆ. ಮುಟ್ಟಿದರೆ ಬಿಸಿ.

"ಅಜ್ಜ, ನೋವಿಲ್ವಾ?"

"ಐತೆ ಕಣವ್ವ. ಸೂಜಿ ಅಂದ್ಮ್ಯಾಕೆ ನೋಯ್ದೆ ಇರ್ತದಾ?"

"ಹಾಕಿ ಎಷ್ಟು ದಿನ ಆಯ್ತು?"

"ಬಂದ ದಿನ ಹಾಕಿದ್ರು. ಬಂದಿದ್ದು ಯಾವತ್ತು ಅಂತ ಮರ್ತೋಯ್ತು ನೋಡು."

ಮಾಲಿನಿಯ ಮೈ ಉರಿದುಹೋಯಿತು. "ಕೇಳಿಸ್ತಿಲ್ವಾ? ಯಾರು ಹಾಕಿದ್ದು ಅಂತ ಕೇಳ್ದೆ!"

ಚಿಕ್ಕ ವಯಸ್ಸಿನ ನರ್ಸ್ ರಮಾ ಕಿಟಕಿಯ ಕಡೆ ನೋಡಿದಳು. ಇಪ್ಪತ್ತಾರು ವರ್ಷ ಸರ್ವೀಸಿನ ಹೆಡ್ ಸಿಸ್ಟರ್ ಅನುಸೂಯಮ್ಮ ಔಷಧಿ ಬೀರುವಿನೊಳಗೆ ಏನೋ ಹುಡುಕುವವರಂತೆ ತಲೆ ತೂರಿಸಿದರು.

"ನಾನೇ."

ಹಿಂದಿನಿಂದ ಬಂತು ಆ ದನಿ. ಮಾಲಿನಿ ತಿರುಗಿದಳು. ಬಿಳಿ ಅಂಗಿಯ ತೋಳು ಮಡಚಿದ್ದ, ಎತ್ತರದ ಒಬ್ಬ ಯುವಕ. ಕೈಯಲ್ಲಿ ಗ್ಲೂಕೋಸ್ ಬಾಟಲಿ, ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲದ ನಗು! ಆ ಆಸ್ಪತ್ರೆಯ ಒಬ್ಬನೇ ಗಂಡು ನರ್ಸ್ ಇಂದುಧರ. ರಜೆ ಮುಗಿಸಿ ಅವತ್ತೇ ಬಂದಿದ್ದ.

"ಯಾವತ್ತು ಹಾಕಿದ್ರಿ?"

"ಅದು... ಹೋದ ವಾರ ಇರ್ಬೇಕು."

"ಇರ್ಬೇಕಾ? ಒಬ್ಬ ಮನುಷ್ಯನ ಕೈ ಕೊಳೀತಾ ಇದೆ, ನಿಮಗೆ ಇರ್ಬೇಕಾ?! ನಗು ಬೇರೆ!"

ಅವನ ನಗು ಆರಿತು. ಆದರೂ ಒಂದು ಮಾತೂ ಎದುರಾಡಲಿಲ್ಲ. ಅಜ್ಜನ ಪಕ್ಕ ಕುಳಿತು, ಮಾಲಿನಿ ಸೂಜಿ ತೆಗೆಯುವವರೆಗೂ ಅವನ ಇನ್ನೊಂದು ಕೈ ಹಿಡಿದುಕೊಂಡು, "ಹಳೇಬೀಡಲ್ಲಿ ಮಳೆ ಹೆಂಗೈತೆ ಅಜ್ಜ?" ಅಂತ ಮಾತಾಡಿಸುತ್ತಲೇ ಇದ್ದ. ಅಜ್ಜನಿಗೆ ಸೂಜಿ ತೆಗೆದದ್ದೇ ತಿಳಿಯಲಿಲ್ಲ.

*ಇಷ್ಟು ಮೆತ್ತಗಿನ ಮನುಷ್ಯ ಇಷ್ಟು ಬೇಜವಾಬ್ದಾರಿ ಹೇಗಾಗ್ತಾನೆ?* ಮಾಲಿನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

*

ಅಲ್ಲಿಂದ ಶುರುವಾಯಿತು ನೋಡಿ ಅವಳ ಪಾಡು.

ಯಾವ ಕೈ ಊದಿದರೂ "ನಾನೇ." ಯಾವ ಸೂಜಿ ಜಾರಿದರೂ "ನಾನೇ." ರಮಾ ಉಪಯೋಗಿಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ ಬೆರಳು ಚುಚ್ಚಿಕೊಂಡಾಗಲೂ, "ಮುಚ್ಚಳ ಹಾಕು ಅಂತ ಹೇಳಿಕೊಟ್ಟಿದ್ದು ನಾನೇ" ಅಂದುಬಿಟ್ಟ. ಡಾಕ್ಟರ್ ಉಮಾಶಂಕರ್ ಬೈದರೆ ತಲೆ ತಗ್ಗಿಸಿ ನಿಲ್ಲುವನು. ಅವರು ಅತ್ತ ಹೋಗುತ್ತಲೇ ಕಾಫಿ ಕುಡಿಯುವನು.

ಮಾಲಿನಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಸೂಜಿ ಹಾಕಿದ ತಕ್ಷಣ ಪ್ಲಾಸ್ಟರ್ ಮೇಲೆ ತಾರೀಖು, ಹಾಕಿದವರ ಹೆಸರಿನ ಮೊದಲಕ್ಷರ. ಮೂರು ದಿನಕ್ಕಿಂತ ಹೆಚ್ಚು ಒಂದೇ ಸೂಜಿ ಇರಕೂಡದು. ಪಾಳಿ ಬದಲಾಗುವಾಗ ಹೋಗುವ ನರ್ಸ್, ಬರುವ ನರ್ಸ್ ಇಬ್ಬರೂ ಒಟ್ಟಿಗೆ ಪ್ರತಿ ಕೈಯನ್ನೂ ಮುಟ್ಟಿ ನೋಡಬೇಕು. ಚುಚ್ಚಿದ ಸೂಜಿಗಳೆಲ್ಲ ನೇರವಾಗಿ ದಪ್ಪ ಪ್ಲಾಸ್ಟಿಕ್ ಕ್ಯಾನಿಗೆ. ಇಷ್ಟೇ!

"ನೀನು ಹುಟ್ಟೋಕೆ ಮುಂಚೆ ನಾನು ಸೂಜಿ ಹಾಕ್ತಿದ್ದೆ ಕಣಮ್ಮ" ಅಂದರು ಅನುಸೂಯಮ್ಮ. "ಹೆಸರು ಬರೀಬೇಕಂತೆ ಹೆಸರು! ಬೈಸ್ಕೊಳ್ಳೋಕೆ ವಿಳಾಸ ಕೊಟ್ಟ ಹಂಗೆ."

ರೋಗಿಗಳ ಮನೆಯವರದು ಇನ್ನೊಂದು ರಾಗ. ಬಿಡುಗಡೆಯ ದಿನ ಸೂಜಿ ತೆಗೆಯಲು ಹೋದರೆ ಕೈ ಹಿಂದಕ್ಕೆ ಎಳೆದುಕೊಳ್ಳುವರು. "ಸೂಜಿ ಹಂಗೇ ಬಿಡವ್ವ! ಉಳಿದ ಇಂಜೆಕ್ಷನ್ ನಮ್ಮೂರಾಗೆ ಕಾಂಪೌಂಡರ್ ತಾವ ಹಾಕಿಸ್ಕತೀವಿ. ಇನ್ನೊಂದು ಸಲ ಯಾಕೆ ಚುಚ್ಚುಸ್ಕಬೇಕು?"

ಮಾಲಿನಿ ವಾದಿಸಿ ವಾದಿಸಿ ಗಂಟಲು ಒಣಗಿಸಿಕೊಳ್ಳುತ್ತಿದ್ದಳು. ಒಂದು ದಿನ ಇಂದುಧರ ನಡುವೆ ಬಂದ.

"ಅಜ್ಜಿ, ಊರಿಗೆ ಹೋಗೋವಾಗ ಮನೆ ಬಾಗ್ಲು ತೆಗೆದಿಟ್ಟು ಹೋಗ್ತೀರಾ?"

"ಉಂಟಾ! ನಾಯಿ ನುಗ್ತದೆ."

"ಇದೂ ಬಾಗ್ಲೇ ಕಣಜ್ಜಿ. ಸೀದಾ ರಕ್ತಕ್ಕೆ ತೆಗೆದಿರೋ ಬಾಗ್ಲು."

ಅಜ್ಜಿ ತಾನೇ ಕೈ ಚಾಚಿದಳು. ಮಾಲಿನಿ ಅವನನ್ನೇ ನೋಡಿದಳು. *ಎಷ್ಟು ಸಲೀಸಾಗಿ ಹೇಳಿಬಿಟ್ಟ!*

"ಹೀಗೆಲ್ಲ ಗೊತ್ತಿದ್ದೂ ನೀವ್ಯಾಕ್ರೀ ಸೂಜಿ ಮರೀತೀರಿ?"

"ಬುದ್ಧಿ ಇಲ್ಲ, ಅದಕ್ಕೆ" ಅಂದ ಅವನು ನಗುತ್ತಾ. ಮರುದಿನ ಅವನೇ ಡಾಕ್ಟರ್ ಮುಂದೆ ನಿಂತು, "ಸರ್, ಮಾಲಿನಿ ಸಿಸ್ಟರ್ ಹೇಳೋದು ಸರಿಯಾಗಿದೆ. ಒಂದು ತಿಂಗಳು ಮಾಡಿ ನೋಡೋಣ" ಅಂದ. ಉಮಾಶಂಕರ್ ಅರೆಮನಸ್ಸಿನಿಂದ ಹೂಂಗುಟ್ಟಿದರು.

ಆಗಸ್ಟ್ ನಡುವಿನಲ್ಲಿ ವಾರ್ಡಿನ ಗೋಡೆಗೆ, ಯಾವ ಕೈ ಊದಿತು, ಸೂಜಿ ಹಾಕಿದ್ದು ಯಾರು ಅಂತ ಬರೆದಿಡುವ ಮಾಲಿನಿಯ ಚಾರ್ಟ್ ಅಂಟಿತು.

*

ಇಬ್ಬರೂ ಜೊತೆ ಪಾಳಿಯಲ್ಲಿದ್ದ ಒಂದು ಮಧ್ಯಾಹ್ನ. ವಾಂತಿಭೇದಿಯಾಗಿ ಬತ್ತಿಹೋಗಿದ್ದ ಒಬ್ಬ ಮುದುಕಿಯ ಕೈಯಲ್ಲಿ ಮಾಲಿನಿಗೆ ನರವೇ ಸಿಗಲಿಲ್ಲ. ಎರಡು ಸಲ ಚುಚ್ಚಿ ಸೋತಳು. ಮೂರನೆಯ ಸಲಕ್ಕೆ ಸೂಜಿ ಎತ್ತಿದಳು.

"ನಿಲ್ಲಿ" ಅಂದ ಇಂದುಧರ. ಬಿಸಿನೀರಿನ ಬಟ್ಟೆ ಹಿಂಡಿ ಮುದುಕಿಯ ಕೈಗೆ ಸುತ್ತಿದ. "ಕಣ್ಣಲ್ಲಿ ಹುಡುಕಬೇಡಿ. ಬೆರಳಲ್ಲಿ ಹುಡುಕಿ. ಎಲ್ಲಿ, ಇಲ್ಲಿ ನೋಡಿ..."

ತನ್ನ ಮುಂಗೈ ಚಾಚಿ ಅವಳ ತೋರುಬೆರಳನ್ನು ಅದರ ಮೇಲಿಟ್ಟ. ಒತ್ತಿದರೆ ಮೆತ್ತಗೆ ಪುಟಿಯುವ ನರ. ಅವಳ ಬೆರಳ ಕೆಳಗೇ ಅವನ ನಾಡಿ ಓಡುತ್ತಿತ್ತು. ಒಂದಿಷ್ಟು ಜೋರಾಗಿಯೇ ಓಡುತ್ತಿತ್ತು!

"ಸಿಕ್ತಾ?"

"ಹೂಂ..." ಅಂದಳು. ಬೆರಳು ತೆಗೆಯಲು ಮರೆತಿದ್ದಳು. ಮುದುಕಿ ಕಣ್ಣು ಮುಚ್ಚಿಕೊಂಡೇ, "ನಂಗೂ ಒಸಿ ನೋಡ್ರವ್ವ" ಅಂದಾಗ ಇಬ್ಬರ ಮುಖವೂ ಕೆಂಪಾಯಿತು.

ಶನಿವಾರದ ಬಸ್ಸಿನಲ್ಲಿ ಇಬ್ಬರೂ ಊರಿಗೆ ಹೋಗುವರು. ಬೇಲೂರು ಬಿಟ್ಟರೆ ಹಳೇಬೀಡು, ಆಮೇಲೆ ಜಾವಗಲ್. ಅಲ್ಲಿ ಅವನು ಇಳಿಯುವನು. ಅವಳು ಅರಸೀಕೆರೆಯವರೆಗೆ. ಮೊದಮೊದಲು ಬೇರೆ ಬೇರೆ ಸೀಟು. ಆಮೇಲೆ ಹಿಂದೆ ಮುಂದೆ. ಸೆಪ್ಟೆಂಬರ್ ಹೊತ್ತಿಗೆ ಒಂದೇ ಸೀಟು.

ಹಳೇಬೀಡು ದಾಟಿದ ಮೇಲೆ ಒಂದು ಶನಿವಾರ ಅವನು ಹೇಳಿದ, "ಮಾಲಿನಿ, ನೀವು ಬೈದ ದಿನದಿಂದ ನಂಗೆ ನೀವು ಇಷ್ಟ ಕಣ್ರೀ."

ಇಷ್ಟು ದಿನ ಕಾದಿದ್ದ ಮಾತು! ಆದರೂ ಅವಳು ಗಂಗಯ್ಯ ಮೇಷ್ಟ್ರ ಮಗಳು. ಭಾವನೆ ಉಕ್ಕಿದರೂ ಪ್ರಶ್ನೆ ಬಿಡುವವಳಲ್ಲ.

"ನಮ್ಮನೆ ನಡುಮನೆಯಲ್ಲಿ ಬುದ್ಧ, ಅಂಬೇಡ್ಕರ್ ಫೋಟೋ ಇದೆ. ನಿಮ್ಮನೇಲಿ ಅಪ್ಪ ದಿನಾ ಲಿಂಗಪೂಜೆ ಮಾಡದೆ ನೀರು ಕುಡಿಯಲ್ಲ ಅಂತೀರಿ. ಒಪ್ತಾರಾ?"

"ಹೇಳ್ತೀನಿ."

"ಯಾವಾಗ?"

"ಇವತ್ತೇ."

ಸೋಮವಾರ ಬಂದವನೇ, "ಹೇಳ್ದೆ. ಅಪ್ಪ ಖುಷಿಯಾದ್ರು!" ಅಂದ. ಮಾಲಿನಿ ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಎರಡು ನಿಮಿಷ ಸುಮ್ಮನೆ ಅತ್ತಳು. ಸಂತೋಷಕ್ಕೆ ಹೀಗೂ ಅಳು ಬರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ.

*

ಚಾರ್ಟ್ ಮಾತ್ರ ಅವಳ ನೆಮ್ಮದಿ ಕೆಡಿಸುತ್ತಿತ್ತು. ಒಂದು ತಿಂಗಳಲ್ಲಿ ಊದಿದ ಕೈಗಳು ಹನ್ನೊಂದು. ಅದರಲ್ಲಿ ಒಂಬತ್ತರ ಪ್ಲಾಸ್ಟರ್ ಮೇಲೆ 'ಇಂ'!

*ನರ ಹುಡುಕೋಕೆ ನನಗೇ ಹೇಳಿಕೊಟ್ಟವನು... ಅವನ ಕೈ ಇಷ್ಟು ಕೆಟ್ಟದಾ?* ನಂಬಲಾಗುತ್ತಿರಲಿಲ್ಲ. ನಂಬದಿರೋಣವೆಂದರೆ ಅಕ್ಷರ ಕಣ್ಣಮುಂದೆ ಇತ್ತು.

ಸೆಪ್ಟೆಂಬರ್ ಹತ್ತೊಂಬತ್ತರ ಬೆಳಿಗ್ಗೆ ಹೆಂಗಸರ ವಾರ್ಡಿನಿಂದ ರಮಾ ಓಡಿಬಂದಳು. "ಅಕ್ಕಾ, ಹುಲಿಕೆರೆ ರುದ್ರಮ್ಮಂಗೆ ಚಳಿಜ್ವರ! ಕೈ ನೋಡಿ ಬನ್ನಿ..."

ರುದ್ರಮ್ಮನ ಮಣಿಕಟ್ಟಿನ ಮೇಲೆ ಕೀವು ತುಂಬಿದ ಗಂಟು. ಪ್ಲಾಸ್ಟರ್ ಮೇಲೆ ಬರೆದಿತ್ತು: 17, ಇಂ. ಅಂದರೆ ಎರಡೇ ದಿನ. ಆದರೆ ಪಕ್ಕದಲ್ಲಿದ್ದ ಮಗಳು ಅಳುತ್ತಾ ಹೇಳಿದಳು, "ಶನಿವಾರ ಬಂದಾಗ ಹಾಕಿದ್ದೇ ಸಿಸ್ಟರ್. ಬದಲಾಯಿಸೇ ಇಲ್ಲ."

ಶನಿವಾರ ಅಂದರೆ ಹದಿನಾಲ್ಕು. ಐದು ದಿನ!

ಉಮಾಶಂಕರ್ ಗಂಟು ಕೊಯ್ದು ಕೀವು ತೆಗೆದರು. ರುದ್ರಮ್ಮನ ಚೀರಾಟ ಇಡೀ ಆಸ್ಪತ್ರೆಗೆ ಕೇಳಿಸಿತು. ಕೈ ತೊಳೆದುಕೊಂಡು ಬಂದ ಡಾಕ್ಟರ್ ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು.

"ಇಂದುಧರ, ನಿನ್ನ ಹೆಸರಿದೆ. ನೀನಾ ಹಾಕಿದ್ದು?"

"ನಾನೇ ಸರ್."

"ಸುಳ್ಳು ತಾರೀಖು ಬರೆದಿದ್ದೂ ನೀನೇನಾ?"

"ಹೌದು ಸರ್."

"ನಾಳೆಯಿಂದ ಕೆಲಸಕ್ಕೆ ಬರಬೇಡ."

ಅವನು ತಲೆ ತಗ್ಗಿಸಿದ. ಅನುಸೂಯಮ್ಮ ಸೀರೆಯ ಸೆರಗನ್ನು ಹಿಂಡುತ್ತಿದ್ದರು. ಮಾಲಿನಿಯ ತಲೆಯೊಳಗೆ ಏನೋ ಫಕ್ಕನೆ ಹೊಳೆಯಿತು. ಹದಿಮೂರರಿಂದ ಹದಿನೈದರವರೆಗೆ ರಾಗಿ ಹೊಲದ ಕೆಲಸ ಅಂತ ಇವನು ಜಾವಗಲ್ಲಿನಲ್ಲಿದ್ದ!

"ಸುಳ್ಳು ಸರ್!" ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು. "ಹದಿನಾಲ್ಕಕ್ಕೆ ಇವರು ಊರಲ್ಲಿದ್ರು. ಹಾಜರಿ ಪುಸ್ತಕ ನೋಡಿ."

ಇಂದುಧರ ಅವಳನ್ನೇ ನೋಡಿದ. ಬೇಡ, ಬಿಡಿ ಅನ್ನುತ್ತಿದ್ದವು ಅವನ ಕಣ್ಣುಗಳು.

"ಹಾಗಾದ್ರೆ ಯಾರು?" ಡಾಕ್ಟರ್ ಮೇಜು ಕುಟ್ಟಿದರು. "ಸಂಜೆಯೊಳಗೆ ಗೊತ್ತಾಗ್ಬೇಕು. ಹೋಗಿ!"

ಹೊರಗೆ ಬಂದವಳೇ ಮಾಲಿನಿ ಅವನಿಗೆ ಅಡ್ಡ ನಿಂತಳು. "ಏನಿದು? ಎಷ್ಟು ಸಲ ಹೀಗೆ ಹೇಳಿದ್ದೀರಿ? ಗಿಡ್ಡಪ್ಪಜ್ಜನ ಸೂಜಿ?"

"ನಂದಲ್ಲ."

"ಚಾರ್ಟಲ್ಲಿರೋ ಒಂಬತ್ತು?"

"ಎರಡು ನಂದು. ಮಿಕ್ಕಿದ್ದು... ಬೈಗುಳಕ್ಕೆ ಎಲ್ಲರೂ ಹೆದರ್ತಿದ್ರು. ನನ್ನ ಅಕ್ಷರ ಬರ್ಕೊಳ್ಳಿ ಅಂದೆ. ಗಂಡಸು ನಾನೊಬ್ಬನೇ, ಬೈದ್ರೂ ಕೆಲಸದಿಂದ ತೆಗೆಯಲ್ಲ ಅಂತಿತ್ತು."

ಮಾಲಿನಿಗೆ ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಒಂದು ತಿಂಗಳು ಹಗಲೆಲ್ಲ ಅಲೆದು ತುಂಬಿಸಿದ ಚಾರ್ಟ್ ನೀರಲ್ಲಿ ಹೋಮವಾಗಿತ್ತು! ಇಡೀ ವಾರ್ಡು ಸೇರಿ ಒಬ್ಬನ ಹೆಸರಿನ ಹಿಂದೆ ಬಚ್ಚಿಟ್ಟುಕೊಂಡಿತ್ತು. ಯಾರ ಕೈಗೆ ಯಾವ ಸಹಾಯ ಬೇಕು ಅಂತ ಇನ್ನು ಯಾವ ದೇವರಿಗೆ ಗೊತ್ತಾಗಬೇಕು?

"ಇದು ಒಳ್ಳೇತನ ಅಂದ್ಕೊಂಡಿದ್ದೀರಾ? ರುದ್ರಮ್ಮನ ಕೈ ಕೊಯ್ದಿದ್ದು ನಿಮ್ಮ ಈ ಒಳ್ಳೇತನಾನೇ! ಹೇಳಿ, ಯಾರು ಹಾಕಿದ್ದು?"

"ಬೇಡ ಮಾಲಿನಿ. ಕೈ ಮುಗೀತೀನಿ."

ಅವಳು ಡ್ರೆಸ್ಸಿಂಗ್ ಕೋಣೆಗೆ ನುಗ್ಗಿದಳು. ಕಿತ್ತ ಪ್ಲಾಸ್ಟರ್ ಇನ್ನೂ ಟ್ರೇಯಲ್ಲೇ ಬಿದ್ದಿತ್ತು. ಬರವಣಿಗೆ ಯಾರದಿರಬಹುದು ಅಂತ ತಿರುಗಿಸಿ ನೋಡಿದಳು.

ಪ್ಲಾಸ್ಟರಿನ ಒಂದು ತುದಿ ಒಳಕ್ಕೆ ಮಡಚಿತ್ತು. ಕೀಳುವಾಗ ರೋಗಿಗೆ ನೋವಾಗದಿರಲಿ ಅಂತ ಹಾಗೆ ಮಡಚುವವರು ಆ ಆಸ್ಪತ್ರೆಯಲ್ಲಿ ಒಬ್ಬರೇ.

ಅವಳೇ.

ಶನಿವಾರ! ಗಣಪತಿ ಬಿಡುವ ದಿನದ ಊಟ ಕೆಟ್ಟು ಒಂದೇ ಬೀದಿಯ ಹದಿನಾಲ್ಕು ಜನ ಒಟ್ಟಿಗೆ ಬಂದಿದ್ದರು. ವರಾಂಡದಲ್ಲೆಲ್ಲ ವಾಂತಿ. ಹಸಿರು ಗಾಜಿನ ಬಳೆ ಮೇಲಕ್ಕೆ ಸರಿಸಿ ಕೈ ಕೊಟ್ಟ ಒಬ್ಬ ಹೆಂಗಸು... ಅವಳಿಗೆ ಸೂಜಿ ಹಾಕುತ್ತಿದ್ದಾಗಲೇ ಪಕ್ಕದಲ್ಲೊಂದು ಮಗು ಕಣ್ಣು ಮೇಲೆ ಮಾಡಿತ್ತು. ಮಾಲಿನಿ ಓಡಿದ್ದಳು. ಬರೆಯಲಿಲ್ಲ. ಆಮೇಲೆ ನೆನಪೂ ಆಗಲಿಲ್ಲ.

ಅವಳು ಸ್ಟೂಲಿನ ಮೇಲೆ ಕುಳಿತಳು. ಬಾಗಿಲಲ್ಲಿ ಇಂದುಧರ ನಿಂತಿದ್ದ.

"ನಿಮಗೆ ಗೊತ್ತಿತ್ತು."

"ಬೆಳಿಗ್ಗೆ ಪ್ಲಾಸ್ಟರ್ ನೋಡಿದ ಕೂಡ್ಲೇ ಗೊತ್ತಾಯ್ತು. ಅದಕ್ಕೇ ನಾನು..."

"ಅದಕ್ಕೇ ನನ್ನ ತಪ್ಪನ್ನೂ ನೀವೇ ಎತ್ಕೊಂಡ್ರಿ! ಯಾರು ಕೇಳಿದ್ರು ನಿಮ್ಮನ್ನ? ನನ್ನ ತಪ್ಪು ನಂದು. ಅದನ್ನ ಕಿತ್ಕೊಂಡ್ರೆ ನಾನು ಅದರಿಂದ ಏನು ಕಲೀಲಿ?"

"ನಿಮಗೆ ನೋವಾಗೋದು ನಂಗೆ ನೋಡೋಕಾಗಲ್ಲ ಮಾಲಿನಿ..."

"ನೋಡೋಕೆ ಕಲೀರಿ!"

*

ಅವಳು ನೇರವಾಗಿ ಡಾಕ್ಟರ್ ಕೋಣೆಗೆ ಹೋದಳು. "ಸೂಜಿ ಹಾಕಿದ್ದು ನಾನು ಸರ್. ತಾರೀಖು ಬರೀದೇ ಹೋದವಳೂ ನಾನು."

ಉಮಾಶಂಕರ್ ಕನ್ನಡಕ ತೆಗೆದು ಅವಳನ್ನೇ ದಿಟ್ಟಿಸಿದರು. ಚಾರ್ಟ್ ಅಂಟಿಸಿದವಳೇ ಹೀಗೆ ಬಂದು ನಿಂತರೆ ಬೈಯುವುದು ಹೇಗೆ? ಅವರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಬಳಿ ಕೆಮ್ಮು ಕೇಳಿಸಿತು. ಅನುಸೂಯಮ್ಮ!

"ಹದಿನೇಳು ಅಂತ ಬರೆದಿದ್ದು ನಾನು ಡಾಕ್ಟ್ರೇ. ಖಾಲಿ ಪ್ಲಾಸ್ಟರ್ ಕಂಡ್ರೆ ಈ ಹುಡುಗಿ ಕೂಗಾಡ್ತಾಳೆ ಅಂತ ಅವತ್ತಿನ ತಾರೀಖು ಹಾಕ್ಬಿಟ್ಟೆ. ಇಂದುಧರ ಹೇಗೂ ತನ್ನ ಅಕ್ಷರ ಬರ್ಕೊಳ್ಳಿ ಅಂದಿದ್ನಲ್ಲ... ಇನ್ನೊಂದು ಹೇಳ್ಬೇಕು. ಒಂದು ವರ್ಷದಿಂದ ಹತ್ತಿರದ್ದು ನಂಗೆ ಸರಿಯಾಗಿ ಕಾಣಲ್ಲ. ಕೆಲಸಕ್ಕೆ ಬಾರದವಳು ಅಂತ ಮನೆಗೆ ಕಳಿಸ್ತೀರೇನೋ ಅಂತ ಕನ್ನಡಕ ಹಾಕ್ಲಿಲ್ಲ. ಜೂನಲ್ಲಿ ಗಿಡ್ಡಪ್ಪನ ಸೂಜಿಯೂ ನಂದೇ."

ಅನುಸೂಯಮ್ಮನ ಬೆನ್ನ ಹಿಂದಿನಿಂದ ರಮಾ ಇಣುಕಿದಳು. "ಎರಡು ನಂದೂ ಇದೆ ಸರ್..."

ಮಾಲಿನಿಗೆ ಆಗ ಅರ್ಥವಾಯಿತು. ಜೂನ್ ತಿಂಗಳಲ್ಲಿ ತಾನು ವಾರ್ಡಿನ ನಡುವೆ ನಿಂತು ಕಿರುಚಿದ್ದಳಲ್ಲ, ಆ ಕಿರುಚಾಟಕ್ಕೂ ಈ ಸುಳ್ಳಿಗೂ ನಂಟಿತ್ತು. ಬೈಯುವವರ ಮುಂದೆ ಯಾರು ತಾನೇ ಹೆಸರು ಬರೆದುಕೊಡುತ್ತಾರೆ?

"ಸರ್," ಅಂದಳು, "ಹೆಸರು ಬರೆದವರನ್ನ ಯಾರೂ ಬೈಯಕೂಡದು. ನೀವೂ, ನಾನೂ. ಹಾಗಿದ್ರೆ ಮಾತ್ರ ಈ ಕೆಲಸ ಮುಂದುವರಿಸೋಣ. ಇಲ್ಲಾಂದ್ರೆ ಚಾರ್ಟ್ ಹರಿದುಹಾಕ್ತೀನಿ."

ಉಮಾಶಂಕರ್ ಕನ್ನಡಕ ಮತ್ತೆ ಹಾಕಿಕೊಂಡರು. "ಸರಿ. ನಾನೂ ಬಾಯಿ ಬಿಗಿ ಹಿಡೀತೀನಿ. ಇಂದುಧರನಿಗೆ ನಾಳೆ ಬರೋಕೆ ಹೇಳಿ" ಅಂದರು.

ಮಾಲಿನಿ ರುದ್ರಮ್ಮನ ಮಂಚದ ಹತ್ತಿರ ಹೋಗಿ ಕೈ ಮುಗಿದಳು. "ನನ್ನಿಂದಾನೇ ಹೀಗಾಯ್ತಮ್ಮ. ಕ್ಷಮಿಸಿ."

ಪಟ್ಟಿ ಕಟ್ಟಿದ ಕೈ ಎದೆಯ ಮೇಲಿಟ್ಟುಕೊಂಡು ರುದ್ರಮ್ಮ ಅವಳನ್ನು ಒಂದು ಗಳಿಗೆ ನೋಡಿದಳು. "ಸಿಟ್ಟು ಬಂದೈತೆ, ಇಲ್ಲ ಅನ್ನಕಿಲ್ಲ. ಆದ್ರೂ ಬಂದು ಹೇಳ್ದೆಲ್ಲ. ದಿನಾ ಪಟ್ಟಿ ನೀನೇ ಕಟ್ಟು, ಆಯ್ತಾ?"

ಗಾಯ ಮಾಯುವವರೆಗೂ ಮಾಲಿನಿಯೇ ಕಟ್ಟಿದಳು.

ಆಮೇಲೆ ವಾರ್ಡ್ ಬದಲಾಯಿತು. ಅನುಸೂಯಮ್ಮ ಕನ್ನಡಕ ಹಾಕಿದರು. ನರ ಸಿಗದ ಕೈಗೆ ಇಬ್ಬಿಬ್ಬರು ಹೋಗತೊಡಗಿದರು. ಎರಡು ಸಲ ಚುಚ್ಚಿ ಸಿಗದಿದ್ದರೆ ಮೂರನೆಯ ಸಲ ಬೇರೆಯವರೇ ಹಾಕಬೇಕು, ಅದು ಅನುಸೂಯಮ್ಮ ತಂದ ನಿಯಮ! ಪ್ಲಾಸ್ಟರ್ ಮೇಲೆ ಅ, ರ, ಮಾ, ಇಂ ಎಲ್ಲವೂ ಕಾಣಿಸಿಕೊಂಡವು. ಅಕ್ಟೋಬರ್ ತಿಂಗಳಲ್ಲಿ ಊದಿದ ಕೈಗಳು ಎರಡು. ಎರಡನ್ನೂ ಮೊದಲ ದಿನವೇ ಹಿಡಿದರು.

*

ಆದರೆ ಮಾಲಿನಿಗೂ ಇಂದುಧರನಿಗೂ ಮಾತಿರಲಿಲ್ಲ. ಶನಿವಾರದ ಬಸ್ಸಿನಲ್ಲಿ ಅವಳು ಡ್ರೈವರ್ ಹಿಂದೆ, ಅವನು ಕೊನೆಯ ಸೀಟು.

*ಮಾತಾಡ್ಸಿಬಿಡ್ಲಾ? ಎಷ್ಟು ದಿನ ಅಂತ ಹೀಗೆ?* ಒಂದು ಮಧ್ಯಾಹ್ನ ಅವಳು ಗಟ್ಟಿ ಮನಸ್ಸು ಮಾಡಿ ಅವನನ್ನು ಹುಡುಕಿ ಹೊರಟಳು. ವರಾಂಡದಲ್ಲಿ ಎಳನೀರಿನ ಗೊನೆ ಪಕ್ಕ ಇಟ್ಟುಕೊಂಡು ಒಬ್ಬ ಹಿರಿಯರು ಬೆಂಚಿನ ಮೇಲೆ ಕುಳಿತಿದ್ದರು. ಹಣೆಯ ತುಂಬ ವಿಭೂತಿ.

"ಸಿಸ್ಟ್ರಮ್ಮ, ಇಂದುಧರ ಎಲ್ಲವ್ನೆ? ನಾನು ಅವ್ರಪ್ಪ, ಷಡಕ್ಷರಪ್ಪ ಅಂತ. ಜಾವಗಲ್ಲಿಂದ ಬಂದಿವ್ನಿ."

ಮಾಲಿನಿ ತಟ್ಟನೆ ಸೆರಗು ಸರಿಮಾಡಿಕೊಂಡಳು. "ನಾನು... ಮಾಲಿನಿ."

"ಸಂತೋಷ ಕಣವ್ವ" ಅಂದರು ಅವರು. ಆ ಹೆಸರನ್ನು ಹಿಂದೆಂದೂ ಕೇಳಿದಂತೆ ಕಾಣಲಿಲ್ಲ. "ಅವ್ನಿಗೆ ಒಸಿ ಬುದ್ಧಿ ಹೇಳವ್ವ. ತಿಪಟೂರು ಕಡೆಯಿಂದ ಒಳ್ಳೆ ಹೆಣ್ಣು ಬಂದೈತೆ. ನಮ್ಮ ಪೈಕಿನೇ. ನೋಡಕ್ಕೆ ಬಾ ಅಂದ್ರೆ ಹೂಂ ಅಂತಾನೆ, ಬರಕಿಲ್ಲ."

ಹೂಂ ಅಂತಾನೆ!

ಷಡಕ್ಷರಪ್ಪ ಬಸ್ ಹತ್ತಿದ ಮೇಲೆ ಅವಳು ಅವನೆದುರು ನಿಂತಳು. ಈ ಸಲ ಕೂಗಲಿಲ್ಲ. ಕೂಗುವ ಶಕ್ತಿಯೂ ಉಳಿದಿರಲಿಲ್ಲ.

"ಅಪ್ಪ ಖುಷಿಯಾದ್ರು ಅಂದ್ರಲ್ಲ?"

ಅವನ ಮುಖ ಬಿಳಿಚಿಕೊಂಡಿತು. "ಹೇಳೋಣ ಅಂತಲೇ ಹೋದೆ. ಬಾಯಿ ಬರ್ಲಿಲ್ಲ. ನಿಮಗೆ ಇಲ್ಲ ಅಂತ ಹೇಳೋಕೂ ಬಾಯಿ ಬರ್ಲಿಲ್ಲ."

"ಅಪ್ಪಂಗೂ ಹೂಂ, ನನಗೂ ಹೂಂ. ಯಾರಿಗೂ ನೋವಾಗಬಾರದು, ಅಲ್ವಾ? ಸೂಜಿ ಹಾಕುವಾಗ ನೋಯಲ್ಲ ಅಂತ ನಾನು ಯಾರಿಗೂ ಹೇಳಲ್ಲ ಇಂದುಧರ. ನೋಯುತ್ತೆ, ಒಂದು ಗಳಿಗೆ ತಡ್ಕೊಳ್ಳಿ ಅಂತೀನಿ. ನಿಮ್ಮ ಹತ್ರ ನಾನು ಕೇಳಿದ್ದೂ ಅಷ್ಟೇ." ಅವಳ ಕಣ್ಣಿಂದ ನೀರಿಳಿಯಿತು. "ನಿಮ್ಮ ಮಾತನ್ನ ನಂಬೋಕಾಗ್ದೆ ನಿಮ್ಮ ಜೊತೆ ನಾನು ಹೇಗೆ ಬಾಳಲಿ?"

ಮರುದಿನದಿಂದ ಅವನು ಒಂದು ವಾರ ರಜೆ ಹಾಕಿ ಹೋದ.

ಹೋಗಲಿ ಬಿಡು ಅಂದುಕೊಂಡಳು. ಅಂದುಕೊಂಡರೆ ಆಗುತ್ತದಾ? ಪಾಳಿ ಬದಲಾಗುವಾಗಲೆಲ್ಲ ಬಾಗಿಲ ಕಡೆ ನೋಡುವಳು. ಅನ್ನ ಸೇರದು. "ಏನಮ್ಮ, ಸಣ್ಣಗಾಗಿದೀಯ?" ಅಂತ ಅನುಸೂಯಮ್ಮ ಕೇಳಿದರೆ, "ಬಿಸಿಲು ಅಕ್ಕ" ಅಂದುಬಿಟ್ಟಳು. ನವೆಂಬರಿನಲ್ಲಿ ಎಂಥ ಬಿಸಿಲೋ! ಹೇಳಿದ ಮೇಲೆ ತನ್ನ ಸುಳ್ಳಿಗೆ ತನಗೇ ನಾಚಿಕೆಯಾಯಿತು.

*

ಶನಿವಾರದ ಬಸ್ಸು ಜಾವಗಲ್ಲಿನಲ್ಲಿ ನಿಂತಿತು. ಮಾಲಿನಿ ಹೊರಗೆ ನೋಡಬಾರದು ಅಂತ ಕಣ್ಣು ಮುಚ್ಚಿಕೊಂಡಿದ್ದಳು. ಜನ ಇಳಿದರು, ಹತ್ತಿದರು. ಪಕ್ಕದ ಸೀಟಿನಲ್ಲಿ ಯಾರೋ ಕುಳಿತರು.

"ಮಾಲಿನಿ."

ಅವಳು ಕಣ್ಣು ಬಿಟ್ಟಳು. ಗಡ್ಡ ಬೆಳೆದಿತ್ತು. ಕಣ್ಣು ಕೆಂಪಾಗಿತ್ತು. ಕಾಲ ಬಳಿ ಬಟ್ಟೆ ತುಂಬಿದ ಬ್ಯಾಗು. ಬಸ್ಸು ಹೊರಟಿತು.

"ಅಪ್ಪಂಗೆ ಹೇಳ್ದೆ" ಅಂದ. "ನಿಮ್ಮ ಹೆಸರು, ನಿಮ್ಮಪ್ಪನ ಹೆಸರು, ನಿಮ್ಮ ಜಾತಿ, ನಿಮ್ಮ ಮನೆ ಫೋಟೋಗಳು... ಎಲ್ಲ ಹೇಳ್ದೆ. ನಿಮ್ಮನ್ನೇ ಮದುವೆ ಆಗ್ತೀನಿ, ತಿಪಟೂರಿನವರಿಗೆ ಇಲ್ಲ ಅಂತ ಹೇಳಿಬಿಡಿ ಅಂದೆ."

"ಏನಂದ್ರು?"

ಅವನು ಅವಳ ಕಡೆ ತಿರುಗಿದ. ಆ ಹಳೆಯ ನಗು ಮುಖದಲ್ಲಿ ಎಲ್ಲೂ ಇರಲಿಲ್ಲ.

"ಒಪ್ಪಲಿಲ್ಲ."

ಮಾಲಿನಿ ಮುಂದಿನ ಕಂಬಿ ಹಿಡಿದುಕೊಂಡಳು.

"ಮೂರು ದಿನ ನನ್ನ ಜೊತೆ ಮಾತಾಡ್ಲಿಲ್ಲ. ಅಮ್ಮ ಊಟ ಬಿಟ್ರು. ನಿನ್ನೆ ಅಪ್ಪ, ಆ ಹುಡುಗೀನ ಕಟ್ಕೊಂಡ್ರೆ ಈ ಹೊಸ್ತಿಲು ತುಳೀಬೇಡ ಅಂದ್ರು. ಮುಂದೆ ಒಪ್ತಾರಾ... ನಂಗೊತ್ತಿಲ್ಲ ಮಾಲಿನಿ. ಒಪ್ತಾರೆ ಅಂತ ನಿಮಗೆ ಹೇಳೋಕೆ ಆಗಲ್ಲ."

ಎಂಥ ಕೆಟ್ಟ ಸುದ್ದಿ! ಬೇರೆ ಯಾವ ಹುಡುಗಿಯಾದರೂ ಅಲ್ಲೇ ಕುಸಿದು ಅಳುತ್ತಿದ್ದಳೇನೋ. ಮಾಲಿನಿಗೂ ಅಳು ಬಂತು. ಆದರೆ ಅಳುತ್ತಲೇ ಅವನ ಕೈ ಹಿಡಿದುಕೊಂಡಳು. ಇಷ್ಟು ತಿಂಗಳಲ್ಲಿ ಮೊದಲ ಸಲ ಅವನ ಒಂದು ಮಾತನ್ನು ಅವಳು ಪೂರ್ತಿಯಾಗಿ ನಂಬಿದ್ದಳು.

"ತುಂಬ ನೋವಾಯ್ತಾ?" ಅಂದಳು.

"ಆಯ್ತು. ಇನ್ನೂ ಆಗ್ತಾ ಇದೆ."

"ನಂಗೂ."

"ಗೊತ್ತು. ನೋಡ್ತಾ ಇದೀನಿ" ಅಂದ. ಮುಖ ತಿರುಗಿಸಲಿಲ್ಲ.

ಬಸ್ಸು ತೆಂಗಿನ ತೋಟಗಳನ್ನು ದಾಟುತ್ತಿತ್ತು. ಆಮೇಲೆ ನೆನಪಾಗಿ ಅವಳು ಕೇಳಿದಳು, "ಜಾವಗಲ್ಲಲ್ಲಿ ಹತ್ತಿದ್ರಲ್ಲ, ಎಲ್ಲಿಗೆ ಹೊರಟಿದ್ದೀರಿ?"

"ಅರಸೀಕೆರೆಗೆ. ಗಂಗಯ್ಯ ಮೇಷ್ಟ್ರ ಮನೆಗೆ. ನಿಮ್ಮಪ್ಪನಿಗೂ ಇದ್ದದ್ದು ಇದ್ದ ಹಾಗೆ ಹೇಳ್ಬೇಕು."

"ಅಯ್ಯೋ! ಅಪ್ಪಂಗೆ ನಾನೂ ಇನ್ನೂ ಏನೂ ಹೇಳಿಲ್ಲ ಕಣ್ರೀ!"

"ಬೈತಾರಾ?"

"ಬೈಯದೆ ಬಿಡ್ತಾರಾ? ಗ್ಯಾರಂಟಿ ಬೈತಾರೆ."

"ಪರವಾಗಿಲ್ಲ. ನಾನು ಬೈಸ್ಕೋತೀನಿ. ನೀವು ಒಳಗಿರಿ."

"ಮತ್ತೆ ಶುರು ಮಾಡಿದ್ರಾ?" ಮಾಲಿನಿ ಕಣ್ಣೊರೆಸಿಕೊಂಡು ಅವನ ಭುಜಕ್ಕೆ ಒಂದು ಗುದ್ದು ಕೊಟ್ಟಳು. "ಪ್ರೀತಿ ಮಾಡಿದ್ದು ಇಬ್ಬರು. ಬಾಗಿಲಲ್ಲಿ ಒಟ್ಟಿಗೇ ನಿಂತು ಇಬ್ಬರೂ ಬೈಸ್ಕೊಳ್ಳೋಣ."